ಬಸಿರಿಗೆ ಕಿವಿಗೊಟ್ಟವರು

ಹುಟ್ಟು ಸಾವುಗಳ ಲೆಕ್ಕವಿಡುವ ದಫ್ತರಗಳಲ್ಲಿ ಬಹುಕಾಲ ಸ್ಥಳವನ್ನೇ ಪಡೆಯದ ಒಂದು ವರ್ಗದ ಮಕ್ಕಳಿದ್ದರು. ಅವರು ಹುಟ್ಟಿದರೆಂದು ಬರೆಯುವಂತಿರಲಿಲ್ಲ, ಏಕೆಂದರೆ ಅವರು ಉಸಿರಾಡಲಿಲ್ಲ. ಸತ್ತರೆಂದು ಬರೆಯುವಂತಿರಲಿಲ್ಲ, ಏಕೆಂದರೆ ಹುಟ್ಟಿದರೆಂದು ಯಾರೂ ಬರೆದಿರಲಿಲ್ಲ. ಅಂಕಿ ಅಂಶಗಳ ಸಂಗ್ರಹದಲ್ಲಿ ಹೆಸರಾದ ಇಂಗ್ಲೆಂಡಿನಲ್ಲಿಯೂ ಸತ್ತು ಹುಟ್ಟಿದ ಮಕ್ಕಳ ನೋಂದಣಿ ಮೊದಲಾದದ್ದು 1927ರಲ್ಲಿ. ನಮ್ಮ ದೇಶದ 1969ರ ಜನನ ಮರಣ ನೋಂದಣಿ ಕಾಯಿದೆ ಜನನವೆಂಬ ಮಾತಿನ ಅರ್ಥದೊಳಗೆ ಸಜೀವ ಜನನ, ನಿರ್ಜೀವ ಜನನ ಎರಡನ್ನೂ ಸೇರಿಸಿತು. ಕಾಯಿದೆ ಹೀಗೆ ಹೇಳಿದರೂ ಮನೆಯವರು ಇಂಥ ಕೂಸನ್ನು ಸದ್ದಿಲ್ಲದೆ ಮಣ್ಣುಮಾಡಿ ಬಂದು, ಬಾಣಂತಿಯ ಎದುರಿಗೆ ಆ ಮಾತನ್ನೇ ಎತ್ತದಿರುವುದು ನಮ್ಮಲ್ಲಿ ರೂಢಿ. ಅದರ ಹಿಂದೆ ಕರುಣೆಯೂ ಇದೆ. ಆದರೆ ಎತ್ತದ ಮಾತಿಗೆ ಕಾರಣವನ್ನು ಹುಡುಕುವವರೂ ಇರುವುದಿಲ್ಲ.

ಈ ಮಕ್ಕಳಲ್ಲಿ ಎರಡು ಬಗೆಯನ್ನು ವೈದ್ಯರು ಗುರುತಿಸುತ್ತಾರೆ. ಕೆಲವು ಬೇನೆ ತೊಡಗುವುದಕ್ಕೆ ದಿನಗಳಿಗೆ ಮುಂಚೆಯೇ ಗರ್ಭದೊಳಗೆ ತೀರಿಕೊಂಡಿರುತ್ತವೆ. ಅಂಥವುಗಳ ಚರ್ಮ ಸುಲಿದಿರುತ್ತದೆ, ಮೈ ಮೆತ್ತಗಾಗಿರುತ್ತದೆ. ಇನ್ನು ಕೆಲವು ದಿನ ತುಂಬಿ, ಮೈಕೈ ತುಂಬಿಕೊಂಡು, ತಾಯಿ ಆಸ್ಪತ್ರೆಯ ಬಾಗಿಲು ಹೊಕ್ಕಾಗ ಒಳಗೆ ಒದೆಯುತ್ತಲೇ ಇದ್ದು, ಆ ಹೊತ್ತಿನಿಂದ ಹೆರಿಗೆಯಾಗುವ ಹೊತ್ತಿನೊಳಗೆ ಇಲ್ಲವಾಗುತ್ತವೆ. ಇವುಗಳ ಮೈಯಲ್ಲಿ ಯಾವ ಊನವೂ ಕಾಣುವುದಿಲ್ಲ; ನಿದ್ರಿಸುತ್ತಿರುವಂತೆಯೇ ಕಾಣುತ್ತವೆ. ನಾನು ಈ ಹೊತ್ತು ಹೇಳಹೊರಟಿರುವುದು ಈ ಎರಡನೆಯ ಬಗೆಯ ಮಕ್ಕಳನ್ನು ಕುರಿತು, ಅವುಗಳನ್ನು ಉಳಿಸಿಕೊಳ್ಳಲು ಮನುಷ್ಯರು ಮಾಡಿದ ಪ್ರಯತ್ನಗಳನ್ನು ಕುರಿತು. ವಿಶ್ವಸಂಸ್ಥೆಗೆ ಸೇರಿದ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಪ್ರಕಾರ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 20 ಲಕ್ಷ ಮಕ್ಕಳು ಸತ್ತು ಹುಟ್ಟಿದರು. ಹದಿನಾರು ಸೆಕೆಂಡಿಗೆ ಒಂದು ಮಗು ಎಂದು ಅದೇ ವರದಿ ಲೆಕ್ಕ ಕಟ್ಟಿದೆ. ಅವುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಹೆರಿಗೆಯ ವೇಳೆಯಲ್ಲಿಯೇ ಸತ್ತಂಥವು. ಭಾರತದ ಪಾಲು ಸುಮಾರು 3 ಲಕ್ಷ 40 ಸಾವಿರ. ಬೇರೆ ಯಾವ ದೇಶದ ಸಂಖ್ಯೆಯೂ ಅಷ್ಟಿರಲಿಲ್ಲ.

ಹೆರಿಗೆಯಲ್ಲಿ ಮಗು ಏಕೆ ಸಾಯುತ್ತದೆ? ಇದನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಬೇನೆ ಬಂದಾಗ ಗರ್ಭಕೋಶದ ಸ್ನಾಯು ಹಿಡಿದ ಮುಷ್ಟಿಯಂತೆ ಬಿಗಿಯುತ್ತದೆ. ಮಾಸಿಗೆ ರಕ್ತವನ್ನು ಒಯ್ಯುವ ನಾಳಗಳು ಆ ಸ್ನಾಯುವಿನ ನಡುವೆಯೇ ಹಾದುಹೋಗುವುದರಿಂದ ಅವೂ ಹಿಸುಕಿಹೋಗುತ್ತವೆ. ಆ ಒಂದು ನಿಮಿಷದ ಮಟ್ಟಿಗೆ ಮಗುವಿಗೆ ಹೊಸ ಪ್ರಾಣವಾಯು ದೊರೆಯುವುದಿಲ್ಲ. ಕೂಡಿಟ್ಟುಕೊಂಡಿದ್ದರಲ್ಲಿಯೇ ಅದು ಕಾಲ ಹಾಕಬೇಕು. ಬೇನೆ ಸಡಿಲಿದಾಗ ರಕ್ತ ಮತ್ತೆ ಹರಿಯುತ್ತದೆ, ಮಗು ಚೇತರಿಸಿಕೊಳ್ಳುತ್ತದೆ. ನೀರಿನಲ್ಲಿ ಮುಳುಗಿ ಮುಳುಗಿ ಏಳುವ ಈಜುಗಾರನ ಸ್ಥಿತಿ ಅದು. ಆರೋಗ್ಯವಂತ ಮಗು ಇದನ್ನು ಹತ್ತು ಹನ್ನೆರಡು ಗಂಟೆಗಳ ಕಾಲ ಸಲೀಸಾಗಿ ತಾಳಿಕೊಳ್ಳುತ್ತದೆ. ಆದರೆ ತಾಯಿಯ ಕಟಿಯ ಎಲುಬು ಕಿರಿದಾಗಿ ಹೆರಿಗೆ ದಿನಗಟ್ಟಲೆ ಎಳೆದರೆ, ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲು ಜಾರಿ ನಡುವೆ ಸಿಕ್ಕಿಕೊಂಡರೆ, ಮಾಸು ಹೊತ್ತಿಗೆ ಮುಂಚೆ ಕಳಚಿಕೊಂಡರೆ, ಅಥವಾ ಬೇನೆಗಳು ಬಿಡುವಿಲ್ಲದೆ ಒಂದರ ಮೇಲೊಂದು ಬಂದರೆ, ಚೇತರಿಸಿಕೊಳ್ಳುವ ಅವಕಾಶ ತಪ್ಪುತ್ತದೆ. ಅಪಾಯ ಯಾವುದೆಂಬುದು ಹೀಗೆ ಸ್ಪಷ್ಟವಾಗಿಯೇ ಇದೆ. ಅಪಾಯ ಬಂದಿದೆಯೆಂದು ಹೊರಗಿನವರಿಗೆ ತಿಳಿಯುವುದು ಹೇಗೆ, ತಿಳಿದ ಮೇಲೆ ಮಗುವನ್ನು ಬೇಗ ಹೊರಗೆ ತರುವುದು ಹೇಗೆ, ಇವೇ ಇಲ್ಲಿ ತೊಡಕಾಗಿದ್ದ ಎರಡು ಪ್ರಶ್ನೆಗಳು. ಇತಿಹಾಸದಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ಮೊದಲು ದೊರೆತದ್ದು ಒಂದು ವಿಚಿತ್ರ.

ಯೂರೋಪಿನಲ್ಲಿ ಹದಿನೇಳನೆಯ ಶತಮಾನದವರೆಗೂ, ಬಳಿಕವೂ ಬಹುಕಾಲ, ಹೆರಿಗೆ ಸಿಕ್ಕಿಕೊಂಡಾಗ ಶಸ್ತ್ರವೈದ್ಯನನ್ನು ಕರೆಯುತ್ತಿದ್ದುದು ಮಗುವನ್ನು ಉಳಿಸುವುದಕ್ಕಲ್ಲ. ಅವನ ಚೀಲದಲ್ಲಿ ಇರುತ್ತಿದ್ದುದು ಕೊಕ್ಕೆಗಳು ಮತ್ತು ತಲೆಬುರುಡೆಯನ್ನು ತೂತು ಮಾಡುವ ಸಲಕರಣೆ. ಮಗುವನ್ನು ತುಂಡರಿಸಿ ತೆಗೆದು ತಾಯಿಯನ್ನು ಬದುಕಿಸುವುದು ಅವನ ಕೆಲಸ. ಅವನು ಕೋಣೆಗೆ ಕಾಲಿಟ್ಟನೆಂದರೆ ಮಗುವಿನ ಆಸೆ ಬಿಡಬೇಕೆಂದೇ ಅರ್ಥ. ಇಂಥ ಕಾಲದಲ್ಲಿ, 1569ರಲ್ಲಿ ಫ್ರಾನ್ಸಿನ ಧಾರ್ಮಿಕ ಕಲಹಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ವಿಲಿಯಂ ಚೇಂಬರ್ಲೆನ್ ಎಂಬ ಪ್ರಾಟೆಸ್ಟಂಟ್ ವೈದ್ಯನ ಮನೆತನದಲ್ಲಿ ಒಂದು ಉಪಕರಣ ಸಿದ್ಧವಾಯಿತು. ಮಗುವಿನ ತಲೆಯ ಎರಡು ಪಕ್ಕಗಳಿಗೂ ಒಂದೊಂದಾಗಿ ಸೇರಿಸಿ, ಬಳಿಕ ಜೋಡಿಸಿ, ಜೀವಂತವಾಗಿಯೇ ಹೊರಗೆಳೆಯಬಹುದಾದ ಇಕ್ಕುಳ ಅದು. ವಿಲಿಯಮನ ಇಬ್ಬರು ಮಕ್ಕಳಿಗೂ ಪೀಟರ್ ಎಂಬ ಒಂದೇ ಹೆಸರು. ಅವರಲ್ಲಿ ಹಿರಿಯನೇ ಇದನ್ನು ಕಂಡುಹಿಡಿದನೆಂದು ಬಹುಮಂದಿ ಇತಿಹಾಸಕಾರರ ಅಭಿಪ್ರಾಯ.

ಕಂಡುಹಿಡಿದವರು ಮಾಡಿದ್ದೇನು? ಗುಟ್ಟಾಗಿಟ್ಟುಕೊಂಡರು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ನೂರು ವರ್ಷಕ್ಕೂ ಮೀರಿ. ಚಿನ್ನದ ಮೆರುಗಿನ ದೊಡ್ಡ ಪೆಟ್ಟಿಗೆಯೊಂದನ್ನು ಇಬ್ಬರು ಹೊತ್ತು ತರುತ್ತಿದ್ದರಂತೆ. ಹೆರುವ ಹೆಂಗಸಿನ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರಂತೆ. ನೆಂಟರನ್ನೆಲ್ಲ ಹೊರಗೆ ಹಾಕಿ ಬಾಗಿಲು ಮುಚ್ಚಿ, ಲೋಹದ ಸದ್ದು ಕೇಳಿಸದಿರಲೆಂದು ಗಂಟೆ ಬಾರಿಸುತ್ತಿದ್ದರಂತೆ. ಈ ವಿವರಗಳಿಗೆ ಕಾಲಾನುಕಾಲಕ್ಕೆ ಬಣ್ಣ ಕಟ್ಟಿರಬಹುದು. ಗುಟ್ಟಿನ ವಿಷಯದಲ್ಲಿ ಮಾತ್ರ ಸಂಶಯವಿಲ್ಲ. 1670ರಲ್ಲಿ ಈ ಮನೆತನದ ಹ್ಯೂ ಚೇಂಬರ್ಲೆನ್ ಪ್ಯಾರಿಸ್ಸಿಗೆ ಹೋಗಿ, ದೊಡ್ಡ ಮೊತ್ತಕ್ಕೆ ಈ ರಹಸ್ಯವನ್ನು ಮಾರಲು ನೋಡಿದ. ಆ ಕಾಲದ ಪ್ರಸಿದ್ಧ ಪ್ರಸೂತಿತಜ್ಞ ಫ್ರಾನ್ಸ್ವಾ ಮೊರಿಸೊ ಅವನ ಮುಂದೆ ಒಂದು ಪರೀಕ್ಷೆಯನ್ನಿಟ್ಟ. ಕಟಿಯ ಎಲುಬು ಸೊಟ್ಟಾಗಿದ್ದ ಒಬ್ಬ ಕುಳ್ಳಿ, ಹಲವು ದಿನಗಳಿಂದ ನೋಯುತ್ತಿದ್ದವಳು. ಹೆರಿಗೆ ಅಸಾಧ್ಯವೆಂದು ಮೊರಿಸೊ ಕೈಬಿಟ್ಟಿದ್ದ. ಕಾಲು ಗಂಟೆಯೊಳಗೆ ಮುಗಿಸುವೆನೆಂದು ಹ್ಯೂ ಒಳಗೆ ಹೋದ; ಮೂರು ಗಂಟೆ ಹೆಣಗಿ ಸೋತು ಹೊರಬಂದ. ಆ ತಾಯಿ ಸತ್ತಳು. ವ್ಯಾಪಾರ ಮುರಿಯಿತು. ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇಕ್ಕುಳದ ವಿವರಣೆ ಅಚ್ಚಾದದ್ದು 1733ರಲ್ಲಿ, ಎಡ್ಮಂಡ್ ಚಾಪ್‍ಮನ್ ಎಂಬುವನ ಗ್ರಂಥದಲ್ಲಿ. ಚೇಂಬರ್ಲೆನ್ನರು ಬಳಸಿದ ಮೂಲ ಉಪಕರಣಗಳು ಎಸೆಕ್ಸ್ ಸೀಮೆಯ ವುಡಂ ಮಾರ್ಟಿಮರ್ ಎಂಬ ಹಳ್ಳಿಯಲ್ಲಿದ್ದ ಅವರ ಹಳೆಯ ಮನೆಯ ಅಟ್ಟದ ನೆಲದಡಿಯಲ್ಲಿ 1813ರಲ್ಲಿ ಸಿಕ್ಕಿದವು. ಮನೆತನದ ವಿದ್ಯೆಯನ್ನು ಮನೆಯೊಳಗೇ ಇಟ್ಟುಕೊಳ್ಳುವ ಅಭ್ಯಾಸ ನಮಗೇನೂ ಹೊಸತಲ್ಲ. ನಾಟಿ ಔಷಧಿಯ ಬೇರನ್ನು ಸಾಯುವತನಕ ಮಗನಿಗೂ ತೋರಿಸದ ಪಂಡಿತರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೂ ಆ ನೂರು ವರ್ಷಗಳಲ್ಲಿ ಯೂರೋಪಿನ ಊರೂರಿನಲ್ಲಿ ಕೊಕ್ಕೆಗೆ ಬಲಿಯಾದ ಮಕ್ಕಳನ್ನು ನೆನೆದಾಗ ಚೇಂಬರ್ಲೆನ್ ಮನೆತನವನ್ನು ಕ್ಷಮಿಸುವುದು ನನ್ನಿಂದಾಗದು.

ಗುಟ್ಟು ಬಯಲಾದ ಮೇಲೆ ಅದನ್ನು ವಿದ್ಯೆಯ ಮಟ್ಟಕ್ಕೇರಿಸಿದವನು ಸ್ಕಾಟ್ಲೆಂಡಿನ ವಿಲಿಯಂ ಸ್ಮೆಲ್ಲಿ. ಲಂಡನ್ನಿನಲ್ಲಿ ಪಾಠಶಾಲೆ ತೆರೆದು, ಎಲುಬು ಮತ್ತು ತೊಗಲುಗಳಿಂದ ಮಾಡಿದ ಬೊಂಬೆಯ ಮೇಲೆ ಹೆರಿಗೆಯ ಕ್ರಮವನ್ನು ಕಲಿಸಿದ. ಮಗುವಿನ ತಲೆ ತಾಯಿಯ ಎಲುಬಿನ ದಾರಿಯಲ್ಲಿ ಹೇಗೆ ತಿರುಗುತ್ತ ಇಳಿಯುತ್ತದೆಂಬುದನ್ನು 1752ರ ತನ್ನ ಗ್ರಂಥದಲ್ಲಿ ವಿವರಿಸಿದ. ಇಕ್ಕುಳವನ್ನು ಮಿತಿಮೀರಿ ಬಳಸಬಾರದೆಂಬುದು ಅವನ ಉಪದೇಶವೂ ಆಗಿತ್ತು. ಎಲಿಜಬೆತ್ ನೈಹೆಲ್ ಎಂಬ ಸೂಲಗಿತ್ತಿ 1760ರಲ್ಲಿ ಪುಸ್ತಕವನ್ನೇ ಬರೆದು ಅವನನ್ನೂ ಅವನ ಶಿಷ್ಯರನ್ನೂ ಹಿಗ್ಗಾಮುಗ್ಗಾ ಜರೆದಳು. ಗಂಡಸರಿಗೆ ತಾಳ್ಮೆಯಿಲ್ಲ, ಕೈಯಿಂದ ಆಗುವುದನ್ನು ಕಬ್ಬಿಣದಿಂದ ಮಾಡಲು ಹೋಗಿ ತಾಯಿ ಮಕ್ಕಳಿಬ್ಬರನ್ನೂ ಗಾಯಗೊಳಿಸುತ್ತಾರೆ ಎಂಬುದು ಅವಳ ವಾದದ ಸಾರ. ಅವಳ ಮಾತಿನ ಖಾರವನ್ನು ತೆಗೆದಿಟ್ಟು ನೋಡಿದರೆ ಅದರಲ್ಲಿ ಸತ್ಯಾಂಶ ಬಹಳವಿತ್ತೆಂದು ನನಗೆ ತೋರುತ್ತದೆ. ಯಾವಾಗ ಕಾಯಬೇಕು, ಯಾವಾಗ ಕೈಹಾಕಬೇಕು ಎಂಬ ಆ ಜಗಳ ಇಂದಿಗೂ ಮುಗಿದಿಲ್ಲ.

ಅತಿಯಾಗಿ ಕೈಹಾಕಿದವರ ಕಾಲವಾದ ಮೇಲೆ ಅತಿಯಾಗಿ ಕಾಯುವವರ ಕಾಲ ಬಂತು. ಅದಕ್ಕೆ ಒಂದು ರಾಜಮನೆತನವೇ ಬೆಲೆ ತೆತ್ತಿತು. 1817ರ ನವೆಂಬರ್ ತಿಂಗಳಿನಲ್ಲಿ ಇಂಗ್ಲೆಂಡಿನ ಯುವರಾಜನ ಒಬ್ಬಳೇ ಮಗಳು ಷಾರ್ಲಟ್‍ಗೆ ಚೊಚ್ಚಲ ಹೆರಿಗೆಯ ಬೇನೆ ತೊಡಗಿತು. ವಯಸ್ಸು ಇಪ್ಪತ್ತೊಂದು. ಪಕ್ಕದಲ್ಲಿದ್ದವನು ಸರ್ ರಿಚರ್ಡ್ ಕ್ರಾಫ್ಟ್. ಇಕ್ಕುಳವನ್ನು ಸುಲಭವಾಗಿ ಮುಟ್ಟಬಾರದೆಂಬ ಪಂಥದ ವೈದ್ಯ. ಬೇನೆ ಐವತ್ತು ಗಂಟೆಗಳ ಕಾಲ ನಡೆಯಿತು. ಗರ್ಭದ ಬಾಯಿ ಪೂರ್ಣ ತೆರೆದ ಮೇಲೂ ಸುಮಾರು ಇಪ್ಪತ್ತನಾಲ್ಕು ಗಂಟೆ ಕಾದರು. ಇಕ್ಕುಳ ಬಲ್ಲ ಮತ್ತೊಬ್ಬ ವೈದ್ಯನನ್ನು ಕರೆಸಿದ್ದರೂ ಅವನು ರಾಜಕುಮಾರಿಯ ಕೋಣೆಯೊಳಗೆ ಕಾಲಿಡಲಿಲ್ಲ. ನವೆಂಬರ್ 5ರ ರಾತ್ರಿ ಒಂಬತ್ತು ಗಂಟೆಗೆ ಒಂಬತ್ತು ಪೌಂಡು ತೂಕದ, ಅಂಗಸೌಷ್ಠವವುಳ್ಳ ಗಂಡುಮಗು ಸತ್ತು ಹುಟ್ಟಿತು. ಕೆಲವೇ ಗಂಟೆಗಳ ಬಳಿಕ ತಾಯಿಯೂ ತೀರಿಕೊಂಡಳು. ಕ್ರಾಫ್ಟನನ್ನು ರಾಜಮನೆತನ ದೂರಲಿಲ್ಲ, ಜನ ದೂರಿದರು. ಮೂರು ತಿಂಗಳಾದ ಮೇಲೆ ಇನ್ನೊಬ್ಬ ಹೆಂಗಸಿನ ಹೆರಿಗೆಗಾಗಿ ಹೋಗಿದ್ದ ಮನೆಯಲ್ಲಿ ಅವನು ಗುಂಡು ಹಾರಿಸಿಕೊಂಡು ಸತ್ತ. ಸಿಂಹಾಸನಕ್ಕೆ ವಾರಸುದಾರರಿಲ್ಲವಾದ್ದರಿಂದ ಯುವರಾಜನ ತಮ್ಮಂದಿರು ಅವಸರದಲ್ಲಿ ಮದುವೆಯಾದರು. ಅವರಲ್ಲೊಬ್ಬನಿಗೆ 1819ರಲ್ಲಿ ಹುಟ್ಟಿದ ಮಗಳೇ ಮುಂದೆ ನಮ್ಮ ದೇಶಕ್ಕೂ ಚಕ್ರವರ್ತಿನಿಯಾದ ವಿಕ್ಟೋರಿಯ.

ಆ ಹೆರಿಗೆಯ ದಾಖಲೆಗಳನ್ನು ಓದುವಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಗರ್ಭದ ನೀರು ಕಡುಹಸುರು ಬಣ್ಣಕ್ಕೆ ತಿರುಗಿದ್ದುದನ್ನು ವೈದ್ಯರು ನೋಡಿದ್ದರು. ಇಂದಿನ ದಾದಿಯಾದರೆ ಅದನ್ನು ಕಂಡೊಡನೆ ಓಡಿ ಬಂದು ಹೇಳುತ್ತಾಳೆ. ಮಗು ಒಳಗೇ ಮಲ ವಿಸರ್ಜಿಸಿದೆ, ಕಷ್ಟಕ್ಕೆ ಸಿಕ್ಕಿರಬಹುದು ಎಂದು ಅದರ ಅರ್ಥ. ಆದರೆ ಅವರಲ್ಲಿ ಯಾರೂ ಮಗುವಿನ ಎದೆಬಡಿತವನ್ನು ಕೇಳಲಿಲ್ಲ. ಅದನ್ನು ಕೇಳಬಹುದೆಂಬ ಕಲ್ಪನೆಯೇ ಅವರಿಗಿರಲಿಲ್ಲ.

ಮಾರನೆಯ ವರ್ಷವೇ, 1818ರಲ್ಲಿ, ಜಿನೀವಾ ನಗರದ ಶಸ್ತ್ರವೈದ್ಯ ಫ್ರಾನ್ಸ್ವಾ ಮೇಯರ್ ಒಂದು ಮಾತನ್ನು ಹೊರಗೆಡಹಿದ. ದಿನ ತುಂಬಿದ ಬಸುರಿಯ ಹೊಟ್ಟೆಗೆ ಕಿವಿಯಿಟ್ಟರೆ ಮಗುವಿನ ಹೃದಯದ ಬಡಿತ ಕೇಳಿಸುತ್ತದೆ, ತಾಯಿಯ ನಾಡಿಗಿಂತ ಅದು ಬೇರೆ, ಅದರಿಂದ ಮಗು ಬದುಕಿದೆಯೇ ಇಲ್ಲವೇ ಎಂದು ಹೇಳಬಹುದು ಎಂದು. ಈ ಮಾತು ಒಂದು ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗಿ ಅಲ್ಲಿಯೇ ಉಳಿಯಿತು. ಬಳಿಕ ಬಂದವನು ಲೆಜುಮೊ ದ ಕೆರ್ಗರಾದೆಕ್ ಎಂಬ ಫ್ರೆಂಚ್ ವೈದ್ಯ. ಸ್ಟೆತೊಸ್ಕೋಪನ್ನು ಕಂಡುಹಿಡಿದ ಲೆನೆಕ್‍ನ ಒಡನಾಡಿ. ಗರ್ಭದೊಳಗೆ ಮಗು ಅಲುಗಿದಾಗ ನೀರು ಕಲಕುವ ಸದ್ದು ಕೇಳಿಸೀತೆಂದು ಅವನು ಬಸುರಿಯೊಬ್ಬಳ ಹೊಟ್ಟೆಗೆ ಆ ಕೊಳವೆಯನ್ನಿಟ್ಟು ಆಲಿಸುತ್ತಿದ್ದ. ನೀರಿನ ಸದ್ದಿನ ಬದಲು ಗಡಿಯಾರದ ಟಿಕ್ ಟಿಕ್ ಸದ್ದು ಕೇಳಿಸಿತು. ಹತ್ತಿರದಲ್ಲಿ ಯಾವುದೋ ಗಡಿಯಾರವಿರಬೇಕೆಂದು ಮೊದಲು ಭಾವಿಸಿದನಂತೆ. ಎಣಿಸಿ ನೋಡಿದರೆ ನಿಮಿಷಕ್ಕೆ ನೂರನಲವತ್ತಕ್ಕೂ ಹೆಚ್ಚು. ತಾಯಿಯ ನಾಡಿ ಅದರ ಅರ್ಧದಷ್ಟು. 1821ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ವೈದ್ಯ ಅಕಾಡೆಮಿಯ ಮುಂದೆ ಅವನು ತನ್ನ ಪ್ರಬಂಧವನ್ನು ಓದಿದ. ಅದರಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದ: ಈ ಬಡಿತದ ಬಲದಲ್ಲಿ, ವೇಗದಲ್ಲಿ ಆಗುವ ಏರುಪೇರುಗಳಿಂದ ಒಳಗಿನ ಮಗುವಿನ ಆರೋಗ್ಯ ಅನಾರೋಗ್ಯಗಳನ್ನು ಊಹಿಸಬಹುದಲ್ಲವೇ? ಮುಂದಿನ ಇನ್ನೂರು ವರ್ಷಗಳ ಪ್ರಸೂತಿಶಾಸ್ತ್ರ ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ನಡೆದಿದೆ.

ಡಬ್ಲಿನ್ನಿನ ಎವರಿ ಕೆನೆಡಿ 1833ರಲ್ಲಿ ಈ ಆಲಿಸುವಿಕೆಯನ್ನು ಕುರಿತು ಒಂದು ಇಡೀ ಪುಸ್ತಕ ಬರೆದ. 1895ರಲ್ಲಿ ಪ್ಯಾರಿಸ್ಸಿನ ಅಡಾಲ್ಫ್ ಪಿನಾರ್ ತುತ್ತೂರಿಯ ಆಕಾರದ ಪುಟ್ಟ ಕೊಳವೆಯೊಂದನ್ನು ಬಳಕೆಗೆ ತಂದ. ನಾನು ವಿದ್ಯಾರ್ಥಿನಿಯಾಗಿದ್ದಾಗ ಕಲಿತದ್ದು ಈ ಪಿನಾರ್ ಕೊಳವೆಯ ಮೇಲೆಯೇ. ನಮ್ಮಲ್ಲಿ ಅದು ಅಲ್ಯೂಮಿನಿಯಮ್ಮಿನದು. ಅಗಲ ಬಾಯಿಯನ್ನು ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿಯನ್ನು ಒತ್ತಿ, ಕೈಯನ್ನು ಪೂರ್ತಿಯಾಗಿ ಬಿಟ್ಟುಬಿಡಬೇಕು. ಕೈ ತಗಲಿದರೆ ಬೆರಳಿನ ಸದ್ದೇ ಕೇಳಿಸುತ್ತದೆ. ಬೇನೆ ಇಳಿದ ಕೂಡಲೇ ಒಂದು ಪೂರ್ಣ ನಿಮಿಷ ಎಣಿಸಬೇಕು. ನಿಮಿಷಕ್ಕೆ 110ರಿಂದ 160ರ ನಡುವೆ ಇದ್ದರೆ ಸರಿ. ಬೇನೆ ಕಳೆದ ಮೇಲೂ ಬಡಿತ ಇಳಿದೇ ಇದ್ದು ನಿಧಾನವಾಗಿ ಏರಿದರೆ ಎಚ್ಚರಗೊಳ್ಳಬೇಕು. ಮೊದಲ ಹಂತದಲ್ಲಿ ಅರ್ಧ ಗಂಟೆಗೆ, ಸಾಧ್ಯವಾದರೆ ಕಾಲು ಗಂಟೆಗೆ, ತಾಯಿ ಮುಕ್ಕುವ ಹಂತದಲ್ಲಿ ಐದೈದು ನಿಮಿಷಕ್ಕೆ ಒಮ್ಮೆ ಹೀಗೆ ಬಾಗಬೇಕು. ಬೆನ್ನು ನೋಯುತ್ತದೆ; ಪಕ್ಕದ ಮಂಚದ ಕೂಗಿನಲ್ಲಿ ಎಣಿಕೆ ತಪ್ಪುತ್ತದೆ. ಹಳ್ಳಿಯಿಂದ ಬಂದ ಅತ್ತೆಯೊಬ್ಬಳು ನಾನು ಹೀಗೆ ಬಾಗಿದ್ದಾಗಲೆಲ್ಲ ಉಸಿರು ಹಿಡಿದು ನಿಂತು, ತಲೆಯೆತ್ತಿದ ಕೂಡಲೇ, "ಏನಂತದವ್ವಾ ಒಳಗಿನ ಕೂಸು?" ಎಂದು ಕೇಳುತ್ತಿದ್ದಳು. ಕೆರ್ಗರಾದೆಕ್‍ನ ಪ್ರಶ್ನೆಯನ್ನು ಇಷ್ಟು ಚೊಕ್ಕವಾಗಿ ಕೇಳಿದವರನ್ನು ನಾನು ಕಂಡಿಲ್ಲ.

ಇದರ ನಡುವೆ ಮಗುವನ್ನು ಹೊರತೆಗೆಯುವ ದಾರಿಯೂ ಸುಧಾರಿಸಿತ್ತು. 1882ರಲ್ಲಿ ಲೈಪ್‍ಜಿಗ್‍ನ ಮ್ಯಾಕ್ಸ್ ಸೆಂಗರ್, ಹೊಟ್ಟೆ ಕೊಯ್ದು ಮಗುವನ್ನು ತೆಗೆದ ಮೇಲೆ ಗರ್ಭಕೋಶದ ಗಾಯವನ್ನು ಎಚ್ಚರಿಕೆಯಿಂದ ಹೊಲಿಯಬೇಕೆಂದು ತೋರಿಸಿದ. ಅದಕ್ಕೆ ಮೊದಲು ಬಹುಮಟ್ಟಿಗೆ ಹಾಗೆಯೇ ಬಿಡುತ್ತಿದ್ದುದರಿಂದ ತಾಯಂದಿರು ಸಾಯುತ್ತಿದ್ದರು. ಕ್ರಿಮಿನಿವಾರಣೆ, ರಕ್ತದಾನ, ಪೆನಿಸಿಲಿನ್‍ಗಳು ಬಂದ ಮೇಲೆ ಸಿಸೇರಿಯನ್ ಶಸ್ತ್ರಕ್ರಿಯೆ ನಿತ್ಯದ ಕೆಲಸವಾಯಿತು.

ಕಿವಿ ಮಾಡುತ್ತಿದ್ದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಯತ್ನ 1958ರ ಹೊತ್ತಿಗೆ ಅಮೆರಿಕದ ಎಡ್ವರ್ಡ್ ಹಾನ್‍ನಿಂದ ಮೊದಲಾಯಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಬಡಿತವನ್ನು ಎಡೆಬಿಡದೆ ಕಾಗದದ ಮೇಲೆ ಗೀಚುವ ಯಂತ್ರಗಳು ಸಿರಿವಂತ ದೇಶಗಳ ಹೆರಿಗೆ ಕೋಣೆಗಳನ್ನು ತುಂಬಿದವು. ಇನ್ನು ಹೆರಿಗೆಯಲ್ಲಿ ಮಗು ಸಾಯುವುದೆಂಬುದೇ ಇರದೆಂದು ಆಶಿಸಿದವರು ಎಷ್ಟೋ ಜನ. ಆ ಆಶೆಯನ್ನು ಪರೀಕ್ಷೆಗೆ ಒಡ್ಡಿದವರು ಡಬ್ಲಿನ್ನಿನವರು. ಹದಿಮೂರು ಸಾವಿರದಷ್ಟು ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ, ಒಂದಕ್ಕೆ ಯಂತ್ರ, ಇನ್ನೊಂದಕ್ಕೆ ಕಿವಿ ಎಂದು ಗೊತ್ತುಮಾಡಿದರು. 1985ರಲ್ಲಿ ಫಲಿತಾಂಶ ಹೊರಬಂತು. ಹುಟ್ಟಿದ ಬಳಿಕ ಮಕ್ಕಳಿಗೆ ಸೆಳವು ಬರುವುದು ಯಂತ್ರದ ಗುಂಪಿನಲ್ಲಿ ಅರ್ಧಕ್ಕೆ ಇಳಿದಿತ್ತು. ಸಾವಿನ ಸಂಖ್ಯೆಯಲ್ಲಿ ಮಾತ್ರ ಎರಡೂ ಗುಂಪುಗಳಿಗೆ ವ್ಯತ್ಯಾಸವಿರಲಿಲ್ಲ. ಇದನ್ನು ಕೇಳಿ ಯಂತ್ರವೇ ನಿರರ್ಥಕವೆಂದು ಕೆಲವರು ತೀರ್ಮಾನಿಸಿದರು. ಆದರೆ ಡಬ್ಲಿನ್ನಿನ ಆ ಆಸ್ಪತ್ರೆಯಲ್ಲಿ ಬೇನೆ ತಿನ್ನುವ ಪ್ರತಿಯೊಬ್ಬ ಹೆಂಗಸಿನ ಪಕ್ಕದಲ್ಲಿಯೂ ಹೆರಿಗೆಯಾಗುವ ತನಕ ಒಬ್ಬ ದಾದಿ ಇರುತ್ತಿದ್ದಳೆಂಬುದನ್ನು ನೆನಪಿಡಬೇಕು. ಯಂತ್ರಕ್ಕೆ ಸರಿಸಾಟಿಯಾಗಿ ನಿಂತದ್ದು ಎದ್ದು ಹೋಗದೆ ಕುಳಿತಿದ್ದ ಆ ಮನುಷ್ಯಳ ಕಿವಿ. ಒಬ್ಬಳೇ ದಾದಿ ಆರು ಮಂಚಗಳ ನಡುವೆ ಓಡಾಡುವಲ್ಲಿ ಆ ಫಲಿತಾಂಶವನ್ನು ಉದಾಹರಿಸುವುದು ನ್ಯಾಯವಲ್ಲ.

ನನ್ನ ಮಟ್ಟಿಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಗೌರವಕ್ಕೆ ಅರ್ಹವಾದುದು ಒಂದು ಕಾಗದದ ಹಾಳೆ. 1954ರಲ್ಲಿ ನ್ಯೂಯಾರ್ಕಿನ ತರುಣ ವೈದ್ಯ ಇಮ್ಯಾನುಯೆಲ್ ಫ್ರೀಡ್‍ಮನ್, ಗರ್ಭದ ಬಾಯಿ ಗಂಟೆಗಂಟೆಗೆ ಎಷ್ಟು ತೆರೆಯುತ್ತದೆಂಬುದನ್ನು ನಕ್ಷೆಯ ಕಾಗದದ ಮೇಲೆ ಗುರುತಿಸಿ, ಹೆರಿಗೆಗೂ ಒಂದು ಗತಿಯ ರೇಖೆಯಿದೆಯೆಂದು ತೋರಿಸಿದ್ದ. ಆಗ ರೊಡೇಷಿಯ ಎನಿಸಿಕೊಂಡಿದ್ದ, ಇಂದಿನ ಜಿಂಬಾಬ್ವೆಯ ಸಾಲ್ಸ್‌ಬರಿಯಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ಇಬ್ಬರು 1972ರಲ್ಲಿ ಆ ನಕ್ಷೆಯ ಮೇಲೆ ಎರಡು ಗೆರೆಗಳನ್ನು ಎಳೆದರು. ಅವರ ಸಮಸ್ಯೆ ನಮ್ಮ ಸಮಸ್ಯೆಯೇ. ಊರಾಚೆಯ ಚಿಕ್ಕ ಹೆರಿಗೆ ಕೇಂದ್ರಗಳಲ್ಲಿ ದಾದಿಯರು ಮಾತ್ರ. ಶಸ್ತ್ರಕ್ರಿಯೆ ದೂರದ ದೊಡ್ಡ ಆಸ್ಪತ್ರೆಯಲ್ಲಿ. ಬಸುರಿಯನ್ನು ಕಳುಹಿಸುವ ಹೊತ್ತು ಯಾವುದೆಂದು ನಿರ್ಧರಿಸುವವರು ಯಾರು? ಮೊದಲನೆಯದು ಎಚ್ಚರಿಕೆಯ ಗೆರೆ: ಗಂಟೆಗೆ ಒಂದು ಸೆಂಟಿಮೀಟರಿನಂತೆ ಏರುವುದು. ಹೆರಿಗೆಯ ಗತಿ ಆ ಗೆರೆಯಿಂದ ಬಲಕ್ಕೆ ಸರಿದರೆ ದಾದಿ ಯಾರ ಅಪ್ಪಣೆಗೂ ಕಾಯದೆ ಗಾಡಿ ಕರೆಸಬಹುದು. ನಾಲ್ಕು ಗಂಟೆ ಬಲಕ್ಕೆ ಎರಡನೆಯದು, ಕ್ರಮ ಕೈಗೊಳ್ಳುವ ಗೆರೆ; ಅಷ್ಟು ಹೊತ್ತಿಗೆ ಬಸುರಿ ದೊಡ್ಡಾಸ್ಪತ್ರೆಯಲ್ಲಿರಬೇಕು, ಅಲ್ಲಿಯ ವೈದ್ಯರು ಏನಾದರೊಂದನ್ನು ನಿಶ್ಚಯಿಸಬೇಕು. ಷಾರ್ಲಟ್ ಐವತ್ತು ಗಂಟೆ ಕಳೆದ ಕೋಣೆಯಲ್ಲಿ ಇಂಥ ಒಂದು ಹಾಳೆ ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆ ಈ ಹಾಳೆಯನ್ನು 1990-91ರಲ್ಲಿ ಇಂಡೋನೇಷ್ಯ, ಥಾಯ್ಲೆಂಡ್, ಮಲೇಷ್ಯಗಳ ಆಸ್ಪತ್ರೆಗಳಲ್ಲಿ 35,484 ಹೆರಿಗೆಗಳ ಮೇಲೆ ಪರೀಕ್ಷಿಸಿತು. 1994ರಲ್ಲಿ ಪ್ರಕಟವಾದ ಲೆಕ್ಕದಂತೆ ಹದಿನೆಂಟು ಗಂಟೆ ಮೀರಿದ ಹೆರಿಗೆಗಳು ನೂರಕ್ಕೆ 6.4ರಿಂದ 3.4ಕ್ಕೆ ಇಳಿದವು, ಹೆರಿಗೆಯ ವೇಳೆಯಲ್ಲಿ ಸತ್ತ ಮಕ್ಕಳು ನೂರಕ್ಕೆ 0.5ರಿಂದ 0.3ಕ್ಕೆ. ಈ ಹಾಳೆಯಿಂದಲೇ ಇದೆಲ್ಲ ಆಯಿತೇ ಎಂದು ಬಳಿಕ ಸಂಶಯಗಳೂ ಎದ್ದವು. ಎಲ್ಲ ಹೆಂಗಸರ ಗತಿಯೂ ಗಂಟೆಗೆ ಒಂದು ಸೆಂಟಿಮೀಟರ್ ಆಗಬೇಕಿಲ್ಲವೆಂದು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿಕೊಂಡಿತು. 2020ರಲ್ಲಿ ಹೊಸ ಬಗೆಯ ಹಾಳೆಯನ್ನು ಹೊರತಂದಿತು. ಇನ್ನು ನಮ್ಮ ಅನೇಕ ಕಡೆ ಹೆರಿಗೆಯೆಲ್ಲ ಮುಗಿದು, ಮಗುವನ್ನು ತೂಗಿ, ಚಹ ಕುಡಿದು, ಆಮೇಲೆ ಕುಳಿತು ನಕ್ಷೆಯ ಗೆರೆಯನ್ನು ಚೆಂದವಾಗಿ ಎಳೆಯುವ ಪದ್ಧತಿಯೂ ಉಂಟು. ಅಂಥ ನಕ್ಷೆಗಳಲ್ಲಿ ಯಾವ ಹೆರಿಗೆಯೂ ಎಚ್ಚರಿಕೆಯ ಗೆರೆಯನ್ನು ದಾಟಿರುವುದಿಲ್ಲ.

ನಮ್ಮ ನಾಡಿನ ಮಾತಿಗೆ ಬರೋಣ. ಇಲ್ಲಿ ಹೆರಿಗೆ ಬಹುಕಾಲ ಸೂಲಗಿತ್ತಿಯರ ಕೈಯಲ್ಲಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳುತ್ತಾರೆ. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಹೊಟ್ಟೆಯ ಮೇಲೆ ಕೈಯಾಡಿಸಿಯೇ ಮಗುವಿನ ತಲೆ ಎತ್ತ ಇದೆಯೆಂದು ಬಲ್ಲ ಇಂಥವರ ವಿದ್ಯೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಎಲುಬಿನ ದಾರಿ ಕಿರಿದಾದಲ್ಲಿ ಎಂಥ ಜಾಣ ಕೈಯೂ ಸೋಲುತ್ತದೆ. ಆಗ ಬೇಕಾದದ್ದು ರಸ್ತೆ, ವಾಹನ, ಅರಿವಳಿಕೆ ಕೊಡುವವರು, ಒಂದು ಬಾಟಲಿ ರಕ್ತ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, 2008ರಲ್ಲಿ ಕರ್ನಾಟಕದ ರಸ್ತೆಗಳಿಗೆ 108ರ ಆಂಬ್ಯುಲೆನ್ಸ್ ಇಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿದರೆ 2005-06ರಲ್ಲಿ ದೇಶದ ಹೆರಿಗೆಗಳಲ್ಲಿ ನೂರಕ್ಕೆ 39 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು; 2019-21ರಲ್ಲಿ 89. ಕರ್ನಾಟಕದಲ್ಲಿ 97. ಒಂದು ತಲೆಮಾರಿನೊಳಗೆ ಇಂಥ ಬದಲಾವಣೆ ಸಾಮಾನ್ಯವಲ್ಲ.

ಆದರೆ ಆಸ್ಪತ್ರೆಯ ಗೋಡೆಗಳು ತಾವಾಗಿ ಯಾರನ್ನೂ ಕಾಯುವುದಿಲ್ಲವೆಂಬುದಕ್ಕೂ ನಮ್ಮ ದೇಶದಲ್ಲಿಯೇ ಸಾಕ್ಷ್ಯವಿದೆ. ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ಒಂದು ದೊಡ್ಡ ಪ್ರಯೋಗ ನಡೆಯಿತು. ಅರ್ಧದಷ್ಟು ಆಸ್ಪತ್ರೆಗಳ ಸಿಬ್ಬಂದಿಗೆ ಹೆರಿಗೆಯಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಕೊಟ್ಟು, ಜೊತೆಗೆ ನಿಂತು ಅಭ್ಯಾಸ ಮಾಡಿಸಿದರು. ಕೆಲಸ ಸುಧಾರಿಸಿತು; ಸಾವು ಇಳಿಯಲಿಲ್ಲವೆಂದು 2017ರ ವರದಿ ತಿಳಿಸಿತು. ಇನ್ನೊಂದು ಕಡೆ, ಬೇನೆ ಜೋರಾಗಲೆಂದು ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದು. ಹೆರಿಗೆಯಾದ ಮೇಲೆ ರಕ್ತಸ್ರಾವ ತಡೆಯಲು ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಹೆರಿಗೆಗೆ ಮುಂಚೆ ಅಳತೆಯಿಲ್ಲದೆ, ಆಲಿಸುವವರಿಲ್ಲದೆ ಕೊಟ್ಟರೆ ಬೇನೆಗಳ ನಡುವಣ ಬಿಡುವನ್ನೇ ಅದು ಅಳಿಸಿಹಾಕುತ್ತದೆ. ಆ ಬಿಡುವಿನಲ್ಲಿಯೇ ಮಗು ಉಸಿರು ಪಡೆಯುವುದೆಂದು ಆಗಲೇ ಹೇಳಿದೆ. ಈ ಮದ್ದಿನ ತಯಾರಿಕೆಯನ್ನು 2018ರಲ್ಲಿ ಕೇಂದ್ರ ಸರ್ಕಾರ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಕಂಪನಿಯೊಂದಕ್ಕೇ ಮೀಸಲು ಮಾಡಲು ಹೊರಟಿತ್ತು. ಅದಕ್ಕೆ ಮುಖ್ಯ ಕಾರಣ ಬಸುರಿಯರಲ್ಲ, ಹಾಲು ಕರೆಯಲು ಎಮ್ಮೆ ಹಸುಗಳಿಗೆ ಅದನ್ನು ಚುಚ್ಚುತ್ತಾರೆಂಬ ದೂರು! ಆ ಆಜ್ಞೆಯನ್ನು ದೆಹಲಿ ಹೈಕೋರ್ಟು ಅದೇ ಡಿಸೆಂಬರ್‌ನಲ್ಲಿ ರದ್ದುಮಾಡಿತು.

ಕಡೆಯದಾಗಿ ಬೆಳಗಾವಿಯ ಒಂದು ಕೆಲಸವನ್ನು ಹೇಳಬೇಕು. ಅಲ್ಲಿಯ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ದೊಡ್ಡ ಆಸ್ಪತ್ರೆಗಳಲ್ಲಿಯೂ ಹೆರಿಗೆ ಮಾಡಿಸುವ 599 ಮಂದಿಗೆ ಒಂದು ಸರಳವಾದ ತರಬೇತಿ ಕೊಟ್ಟರು. ಅಳದೆ, ಅಲುಗದೆ ಹುಟ್ಟಿದ ಮಗುವನ್ನು ಒರೆಸಿ ಬೆಚ್ಚಗಿಡುವುದು, ಬೆನ್ನು ತಿಕ್ಕುವುದು, ಆಗಲೂ ಉಸಿರು ಬಾರದಿದ್ದರೆ ಮೊದಲ ಒಂದು ನಿಮಿಷದೊಳಗೆ ಚೀಲ ಮತ್ತು ಮುಖವಾಡದಿಂದ ಗಾಳಿ ಊದುವುದು. ಇದು ಹುಟ್ಟಿದ ಮೇಲಿನ ಆರೈಕೆ. ಸತ್ತು ಹುಟ್ಟುವ ಮಕ್ಕಳಿಗೂ ಇದಕ್ಕೂ ಏನು ಸಂಬಂಧವೆಂದು ಕೇಳುಗರು ಕೇಳಬಹುದು. 2013ರಲ್ಲಿ ಪ್ರಕಟವಾದ ಅವರ ಲೆಕ್ಕವೇ ಉತ್ತರ ಕೊಡುತ್ತದೆ. ತರಬೇತಿಗೆ ಮುಂಚೆ ನೂರು ಹೆರಿಗೆಗೆ ಮೂರು ಮಕ್ಕಳು ಸತ್ತು ಹುಟ್ಟಿದವೆಂದು ಬರೆಯಲಾಗುತ್ತಿತ್ತು. ಬಳಿಕ ಅದು 2.3ಕ್ಕೆ ಇಳಿಯಿತು. ಮೈ ಕೆಡದೆ, ಆಗತಾನೆ ಸತ್ತಂತೆ ಕಾಣುವ ಮಕ್ಕಳ ಪ್ರಮಾಣ 1.7ರಿಂದ 0.9ಕ್ಕೆ ಇಳಿಯಿತು. ಎಂದರೆ, ಸತ್ತವೆಂದು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡುತ್ತಿದ್ದ ಮಕ್ಕಳಲ್ಲಿ ಕೆಲವು ಸತ್ತಿರಲಿಲ್ಲ. ಅವುಗಳ ಹೃದಯ ನಿಧಾನವಾಗಿ ಬಡಿಯುತ್ತಿತ್ತು, ಆಲಿಸಿದವರಿರಲಿಲ್ಲ. ಹೀಗೆ ಬದುಕಿಸಿದ ಮಕ್ಕಳು ನಾಲ್ಕಾರು ದಿನಗಳಲ್ಲಿ ಹೇಗೂ ಸಾಯುತ್ತವೆ, ಲೆಕ್ಕದ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವೆ, ಅಷ್ಟೇ ಎಂದು ಅನುಮಾನಿಸಿದವರಿದ್ದರು. ಸಂಶೋಧಕರು ಅದನ್ನೂ ಎಣಿಸಿ ನೋಡಿದರು. ಮೊದಲ ಇಪ್ಪತ್ತೆಂಟು ದಿನಗಳಲ್ಲಿ ಸಾಯುವ ಮಕ್ಕಳ ಪ್ರಮಾಣ ತರಬೇತಿಗೆ ಮುಂಚೆ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇತ್ತು.